ಇದ್ಯಾವ ಮೀನು

ಜಾಂಬೆಜಿ ಹಿಂದೆ ಸರಿದು ಮರಳು ಬಿಟ್ಟುಕೊಟ್ಟ ತಿಂಗಳು.
ನಮಸಿಕು ಬಂದಳು, ತಾನೇ ಹುಟ್ಟು ಹಾಕಿಕೊಂಡು.
ದೋಣಿಯಲ್ಲೊಂದು ತಗಡಿನ ಪೆಟ್ಟಿಗೆ. ಅದರಲ್ಲಿ
ಬಟ್ಟೆಯ ಪ್ಯಾಡು, ಕಾಂಡೋಮಿನ ಪೊಟ್ಟಣ,
ನಡುವೆ ಒಣಮೀನಿನ ಬುತ್ತಿ.
ಕ್ಲಿನಿಕ್ಕಿನವರು ಕೊಟ್ಟ ಚಿತ್ರಪಟ
ಹೋದ ವಾರವೇ ನೀರಿಗೆ ಬಿದ್ದು ಹಿಟ್ಟಾಯಿತಂತೆ.
ಅದಕ್ಕೇ ಹುಟ್ಟನ್ನು ತಲೆಕೆಳಗು ಹಿಡಿದು
ಮರಳ ಮೇಲೆ ಗೆರೆ ಎಳೆದಳು,
ಎರಡು ದೋಣಿಯಷ್ಟು ಉದ್ದ,
ಆಚೆ ಈಚೆ ಕೊಂಬಿನಂತೆ ಬಾಗಿದ ತೋಳು.
"ಬನ್ನಿ," ಅಂದಳು, "ಒಳಗೆ ಬಂದು ನಿಲ್ಲಿ."

ನಾವು ಒಂಬತ್ತು ಹುಡುಗಿಯರು. ಚಪ್ಪಲಿ ಕಳಚಿಟ್ಟೆವು,
ಯಾಕೋ ಗೊತ್ತಿಲ್ಲ, ಯಾರೂ ಹೇಳಿರಲಿಲ್ಲ.
ಇಲಿಶೆಬೊಗೆ ಬಾಗಿಲು ಕಾಯುವ ಕೆಲಸ.
ನನ್ನನ್ನು ಎಡಗಡೆಯ ಅಂಡಾಶಯದಲ್ಲಿ ನಿಲ್ಲಿಸಿ
ಅಂಗಿಯ ನೀಲಿ ಗುಂಡಿಯೊಂದನ್ನು ಕೈಗಿಟ್ಟಳು:
"ಇದು ಈ ತಿಂಗಳ ಮೊಟ್ಟೆ. ನಡೆ."
ನಡೆದೆ. ಹದಿನಾಲ್ಕು ಹೆಜ್ಜೆ. ಕಾಲಡಿ ಮರಳು ಬಿಸಿ.
ನಗು ತಡೆಯಲಾರದೆ ಲಿಸೆಲಿ
ಗರ್ಭಕೋಶದ ಗೋಡೆಯ ಮೇಲೇ ಕೂತುಬಿಟ್ಟಳು.

ನಮ್ಮ ಮಾತಿನಲ್ಲೂ ಆ ಜಾಗಗಳಿಗೆ ಹೆಸರಿದ್ದವು,
ದನ ಕಾಯುವವರು ಬೈದಾಡುವಾಗ ಎಸೆಯುವವು,
ಇಲ್ಲವೆ ಅಮ್ಮಂದಿರು ಉಸಿರಲ್ಲೇ ನುಂಗುವವು.
ನಮಸಿಕು ಅವನ್ನೇ ಎತ್ತಿಕೊಂಡಳು, ಕೆಸರು ತೊಳೆದ ಗೆಡ್ಡೆಯಂತೆ.
ಗಟ್ಟಿಯಾಗಿ ಹೇಳಿಸಿದಳು. ಮೂರನೆಯ ಸಲಕ್ಕೆ
ಮೊಣಕೈ, ಹಿಮ್ಮಡಿ ಅಂದಷ್ಟೇ ಸಾದಾ ಆಯಿತು.

ಬಲೆ ಬಿಡಿಸುವ ನೆಪದಲ್ಲಿ ದೂರ ನಿಂತಿದ್ದ ಸಿಟುಂಬೆಕೊ
ಕೂಗಿದ: "ನಾವೆಲ್ಲಿ ನಿಲ್ಲಬೇಕು ಅದರಲ್ಲಿ?"
"ಹೊರಗೆ. ಇದು ಇವರ ಜಾಗ.
ನಾಳೆ ನಿಮ್ಮದನ್ನು ಬರೀತೀನಿ. ಬಲೆ ಮನೇಲಿಟ್ಟು ಬಾ."
ಅವನು ಬಲೆಯ ಒಂದೇ ಕಣ್ಣನ್ನು ನಾಲ್ಕು ಸಲ ಬಿಡಿಸಿದ.

ಮೊಂಡೆಜ್ಜಿ ಬಂದದ್ದು ಆಮೇಲೆ, ತಲೆಯ ಮೇಲೆ ಜೊಂಡಿನ ಕಟ್ಟು.
"ಇದ್ಯಾವ ಮೀನು?"
ನಾವ್ಯಾರೂ ಬಾಯಿ ಬಿಡಲಿಲ್ಲ. ನಮಸಿಕುವೇ ಹೇಳಿದಳು.
ಅಜ್ಜಿ ಕಟ್ಟು ಇಳಿಸಿದಳು. ಗೆರೆಗುಂಟ ಒಂದು ಸುತ್ತು ನಡೆದಳು,
ಹೊರಗಿಂದಲೇ, ಹೊಲ ಅಳೆಯುವವಳ ಹಾಗೆ.
"ಹನ್ನೊಂದು ಸಲ ತುಂಬಿತು ನನ್ನದು. ಏಳು ಉಳಿದವು.
ಮೊದಲನೆಯದಕ್ಕೆ ನಾನು ಇವಳಷ್ಟಿದ್ದೆ," ಬೆರಳು ನನ್ನ ಕಡೆ.
"ಯಾವ ದಾರಿಯಲ್ಲಿ ಬರುತ್ತದೆ ಅಂತಲೂ ಗೊತ್ತಿರಲಿಲ್ಲ.
ಹೊಕ್ಕುಳು ಬಿಚ್ಚಿಕೊಳ್ಳುತ್ತದೆ ಅಂದುಕೊಂಡು
ಇಡೀ ರಾತ್ರಿ ಅದರ ಮೇಲೆ ಕೈಯಿಟ್ಟು ಕಾದಿದ್ದೆ."

ಈ ಸಲ ಲಿಸೆಲಿ ನಗಲಿಲ್ಲ.

ಕಟ್ಟು ಎತ್ತಿಕೊಳ್ಳಲು ಬಾಗಿದವಳು ಬಾಗಿಯೇ ಕೇಳಿದಳು:
"ಬೇಡ ಅನ್ನಬಹುದಿತ್ತೆ?"
ನಮಸಿಕು ಹುಟ್ಟನ್ನು ನೆಲಕ್ಕೂರಿದಳು.
"ಬಹುದು," ಅಂದಳು, ನಮ್ಮ ಕಡೆ ತಿರುಗಿ.
ಇತ್ತು ಎಂಬುದನ್ನು ಅಜ್ಜಿಯ ಬಾಯಲ್ಲೇ ಬಿಟ್ಟಳು.

ಸಂಜೆ ದನಗಳು ನೀರಿಗಿಳಿದವು, ಎಲ್ಲವನ್ನೂ ತುಳಿದುಕೊಂಡು.
ಗುಂಡಿಯನ್ನು ನಾನು ಹಿಂದಿರುಗಿಸಲಿಲ್ಲ.
ಮೊಂಡೆಜ್ಜಿ ಮಾತ್ರ ಆಮೇಲೂ ಎಷ್ಟೋ ದಿನ
ಜೊಂಡು ಹೊತ್ತು ಬರುವಾಗ ಆ ಜಾಗ ಬಳಸಿ ನಡೆಯುತ್ತಿದ್ದಳು,
ಯಾರೋ ಒಳಗೆ ಮಲಗಿದ್ದಾರೆ ಅನ್ನುವಂತೆ.