ಚಿಲಕ

ಮಾರ್ಚಿನಲ್ಲಿ ಇದೇ ಶಾಲೆಯ ಬೋರು
ಕೆಮ್ಮಿ ಕೆಮ್ಮಿ ಬರೀ ಗಾಳಿ ಉಗುಳುತ್ತಿತ್ತು.
ಟ್ಯಾಂಕರಿನ ಹಿಂದೆ ಕೊಡಗಳ ಸಾಲು ನಿಲ್ಲಿಸಿ
ಮನೆಗೆ ಎರಡೇ ಎರಡು ಎಂದು ಕೂಗಿದವನು ನಾನೇ,
ಪಂಚಾಯಿತಿಯ ನೀರುಗಂಟಿ, ದ್ಯಾವೀರ.

ಈಗ ಜುಲೈ. ಸಕಲೇಶಪುರದ ಕೆಳಗೆ ಹೇಮಾವತಿ
ಅದೇ ಶಾಲೆಯ ಮೂರನೇ ಮೆಟ್ಟಿಲಲ್ಲಿ ಕೂತಿದ್ದಾಳೆ,
ಒಳಗೆ ಕರೆಯಲಿ ಎಂದು ಕಾಯುವ ನೆಂಟರ ಹಾಗೆ.
ಒಳಗೆ ಎಸ್ಟೇಟ್ ಲೈನುಗಳ ಇನ್ನೂರ ಹನ್ನೊಂದು ಜನ.
ಕಪ್ಪುಹಲಗೆಯ ಕೆಳಗೆ ಕಂಬಳಿ, ಡೆಸ್ಕಿನ ಮೇಲೆ ಮಗು.
ಗುಡ್ಡ ಜಾರಿತು ಅನ್ನುತ್ತಾರೆ. ಜಾರಲಿಲ್ಲ,
ನೆನೆದ ರೊಟ್ಟಿಯ ಹಾಗೆ ಕೈಗೇ ಬಂತು, ಅಂತಾನೆ ಐತ.

ನಮ್ಮಪ್ಪನಿಗೆ ಮಳೆಗಳ ಹೆಸರು ಗೊತ್ತಿತ್ತು:
ಆರಿದ್ರಾ ಹಿಡಿದರೆ ತೂಬು ಎತ್ತು, ಪುಷ್ಯಕ್ಕೆ ಕೋಡಿ ನೋಡು.
ನನ್ನ ಕಾಲಕ್ಕೆ ಮಳೆ ಹೆಸರು ಹೇಳದೆ ಬರುತ್ತದೆ,
ತಿಂಗಳದ್ದನ್ನು ಒಂದೇ ರಾತ್ರಿ ಸುರಿದು
ವಿಳಾಸ ಕೊಡದೆ ಹೋಗುತ್ತದೆ.
ಪಂಚಾಂಗ ಮಡಚಿಟ್ಟು ನಾನು
ಕಾಂಪೌಂಡ್ ಗೋಡೆಗೆ ಕೆಂಪು ಗೆರೆ ಎಳೆಯುತ್ತೇನೆ:
ಹೋದ ಸಲ ಮೊಣಕಾಲು. ಈ ಸಲ ಸೊಂಟ.
ಎದೆಯೆತ್ತರಕ್ಕೆ ಜಾಗ ಬಿಟ್ಟಿದ್ದೇನೆ.

ಹೋದ ಸಲ ಪಾಯಖಾನೆಯ ಗುಂಡಿ ತುಂಬಿ
ಒಳಗಿದ್ದದ್ದೆಲ್ಲ ಅಂಗಳಕ್ಕೆ ಬಂದು ಬಾವಿ ಹೊಕ್ಕಿತ್ತು.
ಮೂರು ದಿನ ಊರೇ ಹೊಟ್ಟೆ ಹಿಡಿದುಕೊಂಡಿತ್ತು.
ನಾಲ್ಕನೆಯ ದಿನ ಒಂದು ಸಣ್ಣ ಗುಣಿ ತೋಡಿದೆವು.
ನಾಮಕರಣ ಇನ್ನೂ ಆಗಿರಲಿಲ್ಲ.

ಅದಕ್ಕೇ ಈ ಸಲ ಪಾಯಖಾನೆ ಹಿಂದಿನ ದಿಬ್ಬದಲ್ಲಿ,
ಜಂಬಿಟ್ಟಿಗೆಯ ಕಟ್ಟೆ, ಕೆಳಗೆ ಮುಚ್ಚಿದ ಡ್ರಮ್ಮು,
ಬಾವಿಯಿಂದ ಅರವತ್ತು ಹೆಜ್ಜೆ, ನಾನೇ ಅಳೆದದ್ದು.
ಬ್ಲೀಚಿಂಗ್ ಪುಡಿ ಕಲಸಿ, ಅರ್ಧ ಗಂಟೆ ಕಾದು,
ಗಾಜಿನ ಕೊಳವೆಗೆ ಹನಿ ಹಾಕಿ ಬಣ್ಣ ನೋಡುತ್ತೇನೆ,
ಹಳದಿ ಬಂದರೆ ಸರಿ. ನೀರು ಆಸ್ಪತ್ರೆ ನಾರುತ್ತದೆ ಅಂತ
ಮಕ್ಕಳು ಮುಖ ತಿರುಗಿಸುತ್ತಾರೆ. ನಾರಲಿ.
ಎಲ್ಲ ಪುಸ್ತಕದಲ್ಲಿ ಬರೆದಿದ್ದೆ. ತಹಸೀಲ್ದಾರರು ಬಂದು
ತಲೆಗೆ ಹದಿನೈದು ಲೀಟರ್, ಭೇಷ್ ಎಂದು ರುಜು ಹಾಕಿದ್ದರು.

ಐದನೆಯ ಬೆಳಗ್ಗೆ ಸೆಲ್ವಿ ಬಿದ್ದಳು.
ಸುತ್ತ ಇಷ್ಟು ನೀರು, ಅವಳ ನಾಲಗೆ ಒಣ ಸುಣ್ಣ.
ಕೊಟ್ಟಿದ್ದೀನಲ್ಲ, ಇಲ್ಲೇ ಇದೆ, ಎಂದು ಪುಸ್ತಕ ತೆಗೆದೆ.
ಮೈಮೂನಾ ಅದನ್ನು ಮುಚ್ಚಿದಳು.
"ಕೊಟ್ಟೆ. ಅವಳು ಕುಡಿದರೆ ತಾನೆ?
ಕುಡಿದರೆ ಹೋಗಬೇಕು. ಹೋಗಲು ಆ ದಿಬ್ಬ,
ದೀಪವಿಲ್ಲ, ಬಾಗಿಲೆಂದರೆ ಗೋಣಿತಾಟು,
ಗಾಳಿ ಯಾರ ಮಾನ ಕೇಳಿ ಬೀಸುತ್ತದೆ?
ಬೆಳಗ್ಗೆ ಒಂದು ಲೋಟ, ರಾತ್ರಿ ಬಾಯಿ ಒದ್ದೆ,
ನಾವೆಲ್ಲ ಹೆಂಗಸರದ್ದೂ ಇದೇ ಲೆಕ್ಕ, ಬರೆದುಕೋ.
ನಿನ್ನ ಅರವತ್ತು ಹೆಜ್ಜೆಯನ್ನು
ಕತ್ತಲಲ್ಲಿ ಒಮ್ಮೆ ಅಳೆದು ನೋಡು, ನೀರುಗಂಟಿ."

ಅಳೆದೆ. ಅವತ್ತೇ ರಾತ್ರಿ, ಟಾರ್ಚ್ ಇಲ್ಲದೆ.
ನೂರ ನಾಲ್ಕು ಬಂತು.

ಐದನೇ ತರಗತಿಯ ಬಾಗಿಲು ಕಳಚಿದೆವು,
ಐತನ ಉಳಿ, ನನ್ನ ಸ್ಕ್ರೂ. ಹೆಡ್‌ಮಾಸ್ಟರು ಬೈದರು.
ಚಿಲಕ ಒಳಗಡೆಗೆ. ಸೋಲಾರ್ ದೀಪ ಕಂಬಕ್ಕೆ ಬೇಡ,
ಮೊಣಕಾಲೆತ್ತರಕ್ಕೆ ಕಟ್ಟು, ಎಂದಳು ಮೈಮೂನಾ,
ಹಾದಿ ಕಾಣಬೇಕು, ಮುಖ ಅಲ್ಲ.

ಮಾರನೆಯ ಸಂಜೆ ಟ್ಯಾಂಕು ಗಂಟೆ ಮೊದಲೇ ಬರಿದಾಯಿತು.
ಇಷ್ಟು ವರ್ಷದಲ್ಲಿ ಮೊದಲ ಸಲ
ನೀರು ಸಾಲದೆ ಹೋದದ್ದಕ್ಕೆ ಹಾಯೆನಿಸಿತು.

ಈಗ ಮಾಘ. ಹೊಳೆ ಕಲ್ಲು ತೋರಿಸುತ್ತಿದೆ.
ದಿಬ್ಬದಲ್ಲಿ ಇನ್ನೂ ನಾಲ್ಕು ಕಟ್ಟೆ ಏಳುತ್ತಿವೆ.
ಬಿಸಿಲಲ್ಲಿ ನೆರೆಗೆ ಕಕ್ಕಸು ಕಟ್ಟುತ್ತಾನಂತೆ,
ಬಸ್‌ಸ್ಟ್ಯಾಂಡಿನಲ್ಲಿ ನಗುತ್ತಾರೆ.
ಸಾಮಾನಿನ ಚೀಟಿಯಲ್ಲಿ ಸಿಮೆಂಟಿಗಿಂತ ಮೊದಲು ಬರೆದೆ:
ಚಿಲಕ, ಒಳಗಿನದು, ನಾಲ್ಕು.
ಸೆಲ್ವಿ ಚೀಟಿ ನೋಡಿ, ಐದು ಮಾಡು ಅಂದಳು.
ಒಂದು ಯಾಕೆ ಹೆಚ್ಚು ಅಂತ ಕೇಳಲಿಲ್ಲ.
ತಿದ್ದಿದೆ.