ಐದೂವರೆ

ಫ್ರಿಜ್ಜಿನ ತಲೆಯ ಮೇಲೆ ಯಾವಾಗಲೂ ಒಂದು ಲೋಟ ನೀರು,
ಮುಕ್ಕಾಲು.
ಕುಡಿಯಲಿಕ್ಕಲ್ಲ. ಮುಟ್ಟಿದರೆ ಬೈಗುಳ.
ನೆಲ ನಡುಗಿದಾಗ ವಾಲ್ಪರೈಸೊದ ಮಂದಿಯೆಲ್ಲ
ಬಾಗಿಲ ಚೌಕಟ್ಟಿಗೋ ಮಕ್ಕಳಿಗೋ ಮರಿಯಮ್ಮನಿಗೋ ಜೋತುಬಿದ್ದರೆ
ಅಪ್ಪ ಅಡುಗೆಮನೆಗೆ ಹೋಗಿ
ಲೋಟದೆದುರು ಕೈಕಟ್ಟಿ ನಿಲ್ಲುತ್ತಿದ್ದ.
ಒಳಕೋಣೆಯಿಂದ ಅಮ್ಮ: 'ಎಷ್ಟು?'
ಅಪ್ಪ, ನೀರಿನ ಬಳೆಗಳು ಅಡಗುವವರೆಗೂ ಕಾದು:
'ಐದೂವರೆ.'
ರೇಡಿಯೋದವನು ಐದು ಪಾಯಿಂಟ್ ಒಂದು ಅಂದರೆ
ತಪ್ಪು ರೇಡಿಯೋದವನದೇ.
'ಸಾಂತಿಯಾಗೊದಲ್ಲಿ ಕೂತವನಿಗೆ ನಮ್ಮ ಗುಡ್ಡದ ಸಂಗತಿ ಏನು ಗೊತ್ತು!'

ಆ ರೇಡಿಯೋಗೂ ಬೆನ್ನಿನ ಮುಚ್ಚಳವಿರಲಿಲ್ಲ.
ಬ್ಯಾಟರಿ ಉದುರದಂತೆ ಸುತ್ತಿದ್ದು
ನನ್ನ ಮೂರನೇ ಕ್ಲಾಸಿನ ಹಸಿರು ಹೇರ್‌ಬ್ಯಾಂಡು.

ಮೂವತ್ತೊಂದು ವರ್ಷ ಅಪ್ಪ ಗುಡ್ಡದ ನೆತ್ತಿಯ ಗೂಡಿನಲ್ಲಿ ಕೂತು
ಹಳಿಯ ಮೇಲೆ ಎರಡು ಮರದ ಡಬ್ಬಿಗಳನ್ನು ಏರಿಸಿ ಇಳಿಸಿದ.
ಮೀನು ಮಾರುವವರು, ಶಾಲೆಯ ಮಕ್ಕಳು, ಒಮ್ಮೆ ಒಂದು ಪಿಯಾನೋ.
ಬೇಳೆಯ ಬೆಲೆಗೆ, ಜ್ವರಕ್ಕೆ, ಸರ್ಕಾರಕ್ಕೆ,
ಎಲ್ಲಕ್ಕೂ ಅವನದು ಒಂದೇ ಮಾತು:
'ಒಂದು ಇಳಿದರೆ ಇನ್ನೊಂದು ಹತ್ತಲೇಬೇಕು, ಹಗ್ಗ ಒಂದೇ ಅಲ್ಲವಾ.'
ಅಮ್ಮ ಒಮ್ಮೆ ಸೌಟು ಹಿಡಿದೇ ಕೇಳಿದಳು:
'ನಿನ್ನ ಸಂಬಳ ಯಾವ ಡಬ್ಬಿಯಲ್ಲಿ ಕೂತಿದೆ, ಅನ್ಸೆಲ್ಮೊ?'
ಅಪ್ಪ ಬ್ರೆಡ್ಡಿನ ತಿರುಳು ಕಿತ್ತು
ಗೋಲಿ ಮಾಡುತ್ತ ಕೂತ.

ಬ್ರೆಡ್ಡಿನದು ಬೇರೆಯೇ ಕತೆ.
ತಿನ್ನುವುದು ಹೊರಗಿನ ಗರಿಗರಿ ಸಿಪ್ಪೆ ಮಾತ್ರ;
ಒಳಗಿನ ಮೆದು ಕಿಟಕಿಯ ಪಾಲು.
ನಮ್ಮದು ತಗಡಿನ ಮನೆ,
ಯಾವುದೋ ಹಡಗಿಗೆ ಬಳಿದು ಮಿಕ್ಕ ನೀಲಿ,
ಕಡಲಗಾಳಿಗೆ ಗಾಜುಗಳು ರಾತ್ರಿಯಿಡೀ ಹಲ್ಲು ಕಡಿಯುತ್ತಿದ್ದವು.
ಜೂನ್ ಬಂತೆಂದರೆ ಅಪ್ಪ ಸಂದುಸಂದಿಗೂ
ಬ್ರೆಡ್ಡಿನ ಗೋಲಿ ತುರುಕಿ ಹೆಬ್ಬೆರಳಲ್ಲಿ ಒತ್ತುತ್ತಿದ್ದ.
ಚಳಿ ಕಳೆದ ಮೇಲೆ ಗುಬ್ಬಿಗಳು ಬಂದು
ನಮ್ಮ ಕಿಟಕಿಯನ್ನು ತಿಂದುಹೋಗುತ್ತಿದ್ದವು.

ಮಂಚದ ಪಕ್ಕ ಬೂಟು, ಮೂತಿ ಬಾಗಿಲ ಕಡೆಗೆ.
ಎಡಬೂಟಿನಲ್ಲಿ ಟಾರ್ಚು, ಬಲಬೂಟಿನಲ್ಲಿ ಕನ್ನಡಕ.
ನಾವು ನಗುತ್ತಿದ್ದೆವು. ಅಣ್ಣ ಲಿಸಾಂದ್ರೊ ಒಮ್ಮೆ
ಬೂಟಿನೊಳಗೆ ಒಂದು ಆಲೂಗಡ್ಡೆ ಇಟ್ಟ.
ಅಪ್ಪ ನಗಲಿಲ್ಲ, ಬೈಯಲೂ ಇಲ್ಲ,
ಆಲೂಗಡ್ಡೆಯನ್ನು ತೊಳೆದು ಅಮ್ಮನಿಗೆ ಕೊಟ್ಟ.

ಆಸ್ಪತ್ರೆಯಲ್ಲಿ, ಕೊನೆಯ ವಾರ, ಅವನ ಕಾಲು ಒರೆಸುವಾಗ ನೋಡಿದೆ:
ಎರಡೂ ಅಂಗಾಲಿನ ತುಂಬ ಬಿಳಿಯ ಹಳೆಯ ಗೆರೆಗಳು,
ಮಗ್ಗಿ ಬರೆದು ಅಳಿಸಿದ ಸ್ಲೇಟಿನ ಹಾಗೆ.
'ಗಾಜು,' ಅಂದ. 'ಎಂಟು ವರ್ಷ ನನಗೆ. ಬರಿಗಾಲಲ್ಲಿ ಓಡಿದೆ.'
ಯಾವ ಊರು, ಜೊತೆಗೆ ಯಾರಿದ್ದರು,
ಯಾರು ಓಡಲಿಲ್ಲ
ಅಂತ ನಾನು ಕೇಳುವಷ್ಟರಲ್ಲಿ ನರ್ಸು ಊಟ ತಂದಳು.
ಸಿಪ್ಪೆಯಿಲ್ಲದ ಬ್ರೆಡ್ಡು. ಅವನು ಅದನ್ನು ನೋಡಿದ ರೀತಿ!

ಮಣ್ಣು ಮಾಡಿ ಬಂದ ಮರುದಿನ ಅತ್ತಿಗೆ ಸುನಿಲ್ದಾ
ಮನೆ ಚೊಕ್ಕ ಮಾಡುತ್ತ ಆ ಲೋಟವನ್ನೂ ತೊಳೆದು
ಬೋರಲು ಹಾಕಿದಳು.
ಅಮ್ಮ ಏನೂ ಅನ್ನಲಿಲ್ಲ. ಎಲ್ಲರೂ ಹೋದ ಮೇಲೆ
ಸ್ಟೂಲು ಎಳೆದು ಹತ್ತಿದಳು, ಆ ಮಂಡಿನೋವಿನಲ್ಲಿ.
ಮುಕ್ಕಾಲು.

ನಿನ್ನೆ ರಾತ್ರಿ ಎರಡು ಗಂಟೆಗೆ ಮನೆ ಮಗ್ಗುಲಾಯಿತು.
ನನಗೆ ಎಚ್ಚರವಾಗುವ ಮೊದಲೇ ಕಾಲು ಬೂಟು ಹುಡುಕಿತು.
ಎಡ ಹೆಬ್ಬೆರಳಿಗೆ ಟಾರ್ಚು ತಗುಲಿತು. ಯಾರೂ ತೆಗೆದಿರಲಿಲ್ಲ.
ಅಡುಗೆಮನೆಯಲ್ಲಿ ಬಲ್ಬು ತೂಗುತ್ತಿತ್ತು, ಚಮಚಗಳು ಮಾತಾಡುತ್ತಿದ್ದವು.
ಲೋಟದೆದುರು ನಿಂತೆ. ನೀರು
ಅಂಚಿಗೆ ಹೋಗಿ ಬರುತ್ತಿತ್ತು, ಹೋಗಿ ಬರುತ್ತಿತ್ತು,
ಅದರಲ್ಲಿ ಓದುವುದೇನಿದೆ ಎಂದು ನನಗೆ ತಿಳಿಯದು.

ಕತ್ತಲ ಕೋಣೆಯಿಂದ ಅಮ್ಮ:
'ಎಷ್ಟು?'

ಕೈ ಕಟ್ಟಿಕೊಂಡೆ.
'ಐದೂವರೆ' ಅಂದೆ.

ಮಂಚ ಕಿರ್ರೆಂದಿತು.
'ಇಲ್ಲ, ಕಡಿಮೆ,' ಅಂದಳು ಅಮ್ಮ. 'ಮಲಕೋ.'