ತಡವಾದ ಕಾರಣ

ಟಿಕೇಟಿನ ಮ್ಯಾಲ ಒಂದು ಹಡಗಿನ ಚಿತ್ರ ಅದ.
ಬೆಳ್ಳಗ, ಮೂಗು ಚೂಪು, ಹಿಂದ ಮಾರುದ್ದ ನೊರಿ,
ಅದರಾಚಿಗಿ ಗುಡ್ಡದ ತುಂಬ ಸುಣ್ಣ ಬಳದ ಮನಿಗೋಳು.
ನಮ್ಮ ಬೋಟ್ ಹಂಗಿಲ್ಲ. ನಮ್ಮದು ಫೈಬರಿಂದು,
ಹದಿನಾಕು ಮಂದಿ, ಎರಡು ಸೈಕಲ್ ಮೋಟಾರು,
ಜಾಗ ಉಳದ್ರ ಒಂದು ಆಡು.

"ಎಲ್ಲಿದ್ರೀ ಇದು?" ಅಂತ ಕೇಳ್ದೆ.
"ಗ್ರೀಸ್" ಅಂದ್ರು ಶಾಂತಗೌಡ್ರು.
ನಾ ನನ್ನ ಕೈ ನೋಡ್ಕೊಂಡೆ,
ಇಂಜಿನ್ನಿಗಿ ಬಳದು ಬಳದು ಮೊಣಕೈ ತನಕ ಕರ್ರಗ.
"ಅದಲ್ಲೋ ಸಾಬಣ್ಣ, ದೇಶ ಅದು.
ಸಮುದ್ರದ ತುಂಬ ಗಡ್ಡಿಗೋಳೇ.
ಗಡ್ಡಿಯಿಂದ ಗಡ್ಡಿಗಿ ಕಂಪನಿ ಹಡಗು ಬಾಣ ಬಿಟ್ಟಂಗ.
ಮಿನಿಟ್ ತಪ್ಪಂಗಿಲ್ಲ."

ನಮ್ಮಲ್ಲಿ ಗಡ್ಡಿ ಮೂರು.
ಹಾಲಗಡ್ಡಿ, ಮಾದನಗಡ್ಡಿ,
ಇನ್ನೊಂದಕ ಹೆಸರಿಲ್ಲ, ಕುರಿಯವ್ರಷ್ಟೇ ಇಳಿತಾರ.
ಸಾಲಿ ಪುಸ್ತಕದಾಗ ಇವಕ್ಕ ದ್ವೀಪ ಅಂತಾರಂತ.
ಡ್ಯಾಮಿನವ್ರು ಗೇಟ್ ಎತ್ತಿದ ದಿನ
ದ್ವೀಪ ಆದ್ರೇನು, ಗಡ್ಡಿ ಆದ್ರೇನು,
ಮೂರೂ ಮುಣಗ್ತಾವ.

ಕಂಪನಿ ಬೋರ್ಡಿನ ಮ್ಯಾಲ ಬರದದ:
ಏಳು ಮಿನಿಟಿಗಿ ಹಾಲಗಡ್ಡಿ.
ಐದು ಮಿನಿಟ್ ತಡ ಆದ್ರ ಅರ್ಧ ರೊಕ್ಕ ವಾಪಸ್.

ನನ್ನ ಪುಟ್ಟಿಗಿ ನಲವತ್ತು ಮಿನಿಟ್ ಬೇಕಿತ್ತು.
ಪುಟ್ಟಿ ತಿರುಗ್ತದ, ಅದರ ಗುಣ ಅದು.
ಕುಂತವ್ರಿಗಿ ಬಿಟ್ಟ ದಂಡಿನೂ ಕಾಣ್ತಿತ್ತು, ಮುಟ್ಟೋ ದಂಡಿನೂ.
ಬೋಟಿನಾಗ ಮುಂದಿಂದೊಂದೇ.
ಹಂಗಂತ ಪುಟ್ಟಿನೇ ಛಲೋ ಅಂತ ನಾ ಅನ್ನಂಗಿಲ್ಲ.
ಹಾವು ಮುಟ್ಟಿದ ಲಾಲಬೀ ಮಗಳು
ನನ್ನ ಪುಟ್ಟಿಯೊಳಗೇ ಸುಮ್ಮನಾದ್ಲು.
ನಡುಹೊಳಿ. ಎರಡೂ ದಂಡಿ ಕಾಣ್ಲಾಕತ್ತಿದ್ದವು.
ಆವತ್ತಿನ ಹುಟ್ಟು ಮನಿ ಜಂತಿಗಿ ಸಿಗಿಸೀನಿ.
ಇನ್ನೂ ಇಳಿಸಿಲ್ಲ.

ಮೊನ್ನಿ ಮಂಗಳವಾರ, ಸಂಜಿ ಐದು ನಲವತ್ತರ ಬೋಟು.
ಫ್ಯಾನಿಗಿ ಅಂತರಗಂಗಿ ಸುತ್ಕೊಂಡು
ಚಾಂದಪಾಷಾ ಎಷ್ಟು ಹಗ್ಗ ಜಗ್ಗಿದರೂ ಇಂಜಿನ್ ಕೆಮ್ಮಿ ಸುಮ್ಮಾತು.
ಆ ಸಪ್ಪಳ ನಿಂತ ಮ್ಯಾಲೇ ತಿಳೀತು
ಎಷ್ಟು ದಿನದಿಂದ ನಾವೆಲ್ಲ ಒದರ್ಕೊಂತ ಮಾತಾಡ್ಲಾಕತ್ತೀವಿ ಅಂತ.
ಸಿಸ್ಟರ್ ಬಾಯಿ ಲಸಿ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು
"ಐಸ್ ಕರಗ್ತದೋ" ಅಂದ್ಲು.
ಹಣಮವ್ವಗ ಬ್ಯಾರೇ ಚಿಂತಿ:
"ಮಾಸ್ತರ್ರ, ಗಡಿಯಾರ ನೋಡ್ರಿ, ಐದು ಆತೇನು?"
"ನಾಕು."
ಎಲ್ಲಾರೂ ಉಸಿರು ಹಿಡಿದು ಕುಂತ್ರು.
"ಆತು" ಅಂದ್ರು ಮಾಸ್ತರ್ರು.
ಬೋಟಿಗಿ ಬೋಟೇ ಚಪ್ಪಾಳಿ ತಟ್ಟಿತು.

ನಾ ಬಗ್ಗಿ ಬೇರು ಹರೀಲಾಕತ್ತಿದ್ದೆ.
ತಲಿ ಎತ್ತಿದ್ರ, ಬೋಟ್ ಸಾವಕಾಶ ತಿರುಗ್ತಾದ.
ಅದಕ್ಯಾರು ಕಲಿಸಿದ್ರೋ.
ಬಿಟ್ಟ ದಂಡಿ ಬಂತು, ಕೊಳಿ ಇಟ್ಟಿಗಿ ಭಟ್ಟಿ, ಹೊಗಿ,
ಹೆಸರಿಲ್ಲದ ಗಡ್ಡಿ, ಅದರ ಮ್ಯಾಲ ಒಂದೇ ಕುರಿ,
ಮತ್ತ ಮುಟ್ಟೋ ದಂಡಿ.
ಯಾರೂ ಏನೂ ಅನ್ಲಿಲ್ಲ.
ಡಬ್ಬಿ ಒಳಗ ಐಸ್ ಅಲುಗಾಡಿದ್ದು ಕೇಳಿಸ್ತು.
ಆ ಗ್ರೀಸಿನಾಗೂ ನನ್ನಂಥವ ಒಬ್ಬ ಇದ್ದಾನು,
ಹಗ್ಗ ಸುತ್ತೋ ಕೆಲಸದವ.
ಅವನ ಸಾವ್ಕಾರನ ಗ್ವಾಡಿ ಮ್ಯಾಲ ಯಾವ ಹೊಳಿ ಚಿತ್ರ ಇರ್ತದೋ.

ದಂಡಿಗಿ ಬಂದು ರಿಜಿಸ್ಟರ್ ತೆಗದೆ.
ತಡವಾದ ಕಾರಣ, ಅಂತ ಕಾಲಂ ಅದ, ಬೆರಳಗಲ.
ಅಂತರಗಂಗಿ ಅಂತ ಬರದೆ, ಹೊಡದು ಹಾಕ್ದೆ.
ಹೊಳಿ ಅಂತ ಬರದೆ. ಹೊಳಿ ಏನು ಮಾಡೀತು?
ಪೆನ್ನು ಹಿಡಿದು ಕುಂತಲ್ಲೇ ಹೆಬ್ಬೆಟ್ಟು ಒತ್ತಿ
ಕಾಲಂ ತುಂಬ ಕರ್ರನ ಗುರುತು.
"ಇದೇನೋ?" ಅಂದ್ರು ಗೌಡ್ರು.
"ಗ್ರೀಸ್ ರೀ" ಅಂದೆ.

ಹೊರಗ ಹಣಮವ್ವ ಕದಲವಲ್ಳು.
ಹದಿನೈದರಾಗ ಅರ್ಧ, ಏಳೂವರಿ.
ಎಂಟಾಣೆ ಈಗ ನಡಿಯಂಗಿಲ್ಲ ಬೇ ಅಂದ್ರ
"ಹಂಗಾರ ಎಂಟು ಕೊಡು" ಅಂತಾಳ.